ಬಿಸ್ಕತ್ತಿಗಿರುವ ಬೆಲೆಚೀಟಿ ಕಾರಿಗೇಕಿಲ್ಲ?

ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣದ ಮೇಲೆ ಅದರ ಗರಿಷ್ಠ ಮಾರಾಟ ಬೆಲೆ, ತೂಕ, ತಯಾರಾದ ತಿಂಗಳು, ತಯಾರಕರ ವಿಳಾಸ ಎಲ್ಲವೂ ಅಚ್ಚಾಗಿರಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಆದರೆ ಮಧ್ಯಮ ವರ್ಗದ ಕುಟುಂಬವೊಂದು ಮನೆಯನ್ನು ಬಿಟ್ಟರೆ ಬದುಕಿನಲ್ಲಿ ಮಾಡುವ ಅತಿ ದೊಡ್ಡ ಖರೀದಿಯಾದ ಕಾರಿನ ಮೇಲೆ ಇಂಥ ಚೀಟಿ ಕಾಣಸಿಗುವುದಿಲ್ಲ. ಕಾರಿಗೆ ಕೊನೆಗೆ ತೆರಬೇಕಾದ ಹಣವೆಷ್ಟು ಎಂಬ ಸರಳ ಪ್ರಶ್ನೆಗೆ ಶೋರೂಮಿನಲ್ಲಿ ದೊರೆಯುವ ಉತ್ತರವು ಕೇಳಿದವರು ಯಾರು, ತಿಂಗಳ ಯಾವ ದಿನ ಕೇಳಿದರು, ಅವರಿಗೆ ಎಷ್ಟು ಆತುರವಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಚೌಕಾಶಿ ನಮಗೆ ಹೊಸದಲ್ಲ. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಆದರೆ ಅಲ್ಲಿ ಕೊಳ್ಳುವ ರೈತನಿಗೂ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವಷ್ಟು ಜ್ಞಾನವಿರುತ್ತದೆ. ಶೋರೂಮಿನಲ್ಲಿ ಹಾಗಲ್ಲ. ಹಲವು ವರ್ಷಗಳಿಗೊಮ್ಮೆ ಕೊಳ್ಳುವವನ ಎದುರು ಪ್ರತಿದಿನವೂ ಮಾರುವವನು ಕುಳಿತಿರುತ್ತಾನೆ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿದ್ದಾಗ ಮಾರುಕಟ್ಟೆಯೇ ಹೇಗೆ ಕೆಡಬಲ್ಲದು ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದರು. ಅವರು ಆಯ್ದುಕೊಂಡ ನಿದರ್ಶನವೂ ಕಾರಿನದೇ, ಹಳೆಯ ಕಾರುಗಳ ವ್ಯಾಪಾರ. 2001ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಳೆಯ ಕಾರಿನಲ್ಲಿ ಮರೆಯಾಗಿರುವುದು ಯಂತ್ರದ ದೋಷವಾದರೆ, ಹೊಸ ಕಾರಿನಲ್ಲಿ ಮರೆಯಾಗಿರುವುದು ಬೆಲೆ.

ಪರ್ಮಿಟ್ ಯುಗದಲ್ಲಿ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೂ ಬುಕಿಂಗ್ ಮಾಡಿಸಿದವರು ತಮ್ಮ ಸರದಿಯನ್ನೇ ಲಾಭಕ್ಕೆ ಮಾರಿಕೊಂಡದ್ದುಂಟು. ಉದಾರೀಕರಣದ ನಂತರ ಕೊರತೆ ನೀಗಿತು, ಆಯ್ಕೆ ಹೆಚ್ಚಿತು. ಪೈಪೋಟಿಯೇ ಬೆಲೆಯನ್ನು ಪಾರದರ್ಶಕವಾಗಿಸುತ್ತದೆ ಎಂದು ನಮ್ಮಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ನಂಬಿದ್ದೆವು. ಅದು ಅರ್ಧ ಮಾತ್ರ ನಿಜವಾಯಿತು.

ಪತ್ರಿಕೆಗಳ ಜಾಹೀರಾತಿನಲ್ಲಿ ಕಾಣುವುದು ಎಕ್ಸ್ ಶೋರೂಂ ಬೆಲೆ, ಜೇಬಿನಿಂದ ಹೋಗುವುದು ಆನ್ ರೋಡ್ ಬೆಲೆ. ಇವೆರಡರ ನಡುವಣ ಅಂತರದಲ್ಲಿ ನ್ಯಾಯವಾದದ್ದೂ ಇದೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಜೀವ ತೆರಿಗೆ ಬೆಲೆಗೆ ಅನುಗುಣವಾಗಿ ಶೇ 13ರಿಂದ 18ರವರೆಗೆ ಇದ್ದು, ಅದರ ಮೇಲೆ ಸೆಸ್ ಸೇರುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಹತ್ತು ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ 1ರಷ್ಟು ಟಿಸಿಎಸ್ ಕೊಡಬೇಕು. ಇದು ಖರ್ಚಲ್ಲ, ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದ ಹಣ. ಇದನ್ನು ಗ್ರಾಹಕನಿಗೆ ಬಿಡಿಸಿ ಹೇಳುವವರು ಕಡಿಮೆ.

ಇವುಗಳ ನೆರಳಿನಲ್ಲಿ ಬೇರೆ ಬಾಬತ್ತುಗಳು ನುಸುಳುತ್ತವೆ. ಹ್ಯಾಂಡ್ಲಿಂಗ್ ಚಾರ್ಜ್ ಎಂಬುದೊಂದು. ತಾನು ಮಾರುವ ಸರಕನ್ನು ತರಿಸಿ, ತೊಳೆದು, ಒಪ್ಪಿಸುವುದು ವ್ಯಾಪಾರಿಯ ಕರ್ತವ್ಯ. ಅದಕ್ಕೆ ಪ್ರತ್ಯೇಕ ಶುಲ್ಕ ಏಕೆ? ಆ್ಯಕ್ಸೆಸರಿ ಕಿಟ್ ಕಡ್ಡಾಯ ಎನ್ನುವುದು ಮತ್ತೊಂದು. ವಿಮೆಯನ್ನು ಇಲ್ಲಿಯೇ ಮಾಡಿಸಬೇಕು ಎನ್ನುವುದು ಮೂರನೆಯದು. ವಾಸ್ತವದಲ್ಲಿ ವಿಮಾ ಕಂಪನಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಸಂಪೂರ್ಣವಾಗಿ ಗ್ರಾಹಕನದು. ಬಂಧುವೊಬ್ಬರ ಜೊತೆ ಶೋರೂಮೊಂದಕ್ಕೆ ಹೋಗಿದ್ದಾಗ, ಅಲ್ಲಿ ಕೊಟ್ಟ ವಿಮೆಯ ಲೆಕ್ಕಕ್ಕೂ ಅದೇ ರಕ್ಷಣೆಗೆ ಹೊರಗೆ ವಿಚಾರಿಸಿದ ಲೆಕ್ಕಕ್ಕೂ ಹದಿನಾಲ್ಕು ಸಾವಿರ ರೂಪಾಯಿಗಳ ವ್ಯತ್ಯಾಸವಿತ್ತು. ಹೊರಗಿನ ದರಪಟ್ಟಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಆ ವ್ಯತ್ಯಾಸ ಕರಗಿತು. ಕೇಳಿದವರಿಗೆ ಇಳಿಯುವ ಬೆಲೆ, ಕೇಳದವರಿಗೆ ಇಳಿಯುವುದಿಲ್ಲ ಎಂಬುದೇ ಇಲ್ಲಿಯ ತಕರಾರು.

ಈ ವ್ಯವಹಾರದ ಅತ್ಯಂತ ಸ್ವಾರಸ್ಯದ ಪಾತ್ರ ಮ್ಯಾನೇಜರ್‌ನದು. ಮಾತುಕತೆ ಒಂದು ಹಂತಕ್ಕೆ ಬಂದೊಡನೆ ಸೇಲ್ಸ್‌ಮನ್, ‘ಇದು ನನ್ನ ಕೈಯಲ್ಲಿಲ್ಲ ಸರ್, ಮ್ಯಾನೇಜರ್ ಹತ್ತಿರ ಕೇಳಿಕೊಂಡು ಬರ್ತೀನಿ’ ಎಂದು ಗಾಜಿನ ಕೋಣೆಯೊಳಗೆ ಮರೆಯಾಗುತ್ತಾನೆ. ಸರ್ಕಾರಿ ಸೇವೆಯಲ್ಲಿದ್ದ ನನಗೆ ಈ ತಂತ್ರ ಪರಿಚಿತವೇ. ‘ಕಡತ ಮೇಲಿನವರ ಬಳಿ ಇದೆ’ ಎಂಬ ಒಂದು ಮಾತಿನಿಂದ ಎಷ್ಟು ಅರ್ಜಿದಾರರು ಹಿಂತಿರುಗಿಲ್ಲ! ಅಧಿಕಾರ ತನಗಿಲ್ಲ ಎನ್ನುವವನೇ ಚೌಕಾಶಿಯಲ್ಲಿ ಬಲಶಾಲಿಯಾಗಬಲ್ಲ ಎಂಬುದನ್ನು ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞ 1960ರಲ್ಲಿಯೇ ತೋರಿಸಿಕೊಟ್ಟಿದ್ದರು. ಗ್ರಾಹಕನ ಮಿತಿ ಎಷ್ಟೆಂದು ಸೇಲ್ಸ್‌ಮನ್‌ಗೆ ಗೊತ್ತಾಗಿರುತ್ತದೆ, ಮ್ಯಾನೇಜರ್‌ನ ಮಿತಿ ಗ್ರಾಹಕನಿಗೆ ಗೊತ್ತಾಗುವುದೇ ಇಲ್ಲ.

ಆ ಮ್ಯಾನೇಜರ್ ಕೂಡ ಸ್ವತಂತ್ರನಲ್ಲದಿರಬಹುದು. ಡೀಲರುಗಳು ನಿಗದಿತ ಮಿತಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ನಿರ್ಬಂಧಿಸಿದ ಆರೋಪದ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಗ್ರಾಹಕರ ಸೋಗಿನಲ್ಲಿ ಶೋರೂಮಿಗೆ ಜನರನ್ನು ಕಳುಹಿಸಿ ರಿಯಾಯಿತಿಯನ್ನು ಪತ್ತೆಹಚ್ಚಲಾಗುತ್ತಿತ್ತು ಎಂಬುದು ಆಯೋಗದ ಆದೇಶದಲ್ಲಿದೆ. ಕಂಪನಿ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಇನ್ನು ಸೇಲ್ಸ್‌ಮನ್‌ನದು ಬೇರೆಯದೇ ಪಾಡು. ಅಲ್ಪ ಸಂಬಳ, ತಿಂಗಳ ಕೊನೆಯ ಟಾರ್ಗೆಟ್, ವಿಮೆ, ಸಾಲ, ವಾರಂಟಿಗಳನ್ನು ಮಾರಿದರಷ್ಟೇ ಇನ್ಸೆಂಟಿವ್. ಅವನ ಮೇಲೆ ಹರಿಹಾಯುವುದರಲ್ಲಿ ನ್ಯಾಯವೂ ಇಲ್ಲ, ಪ್ರಯೋಜನವೂ ಇಲ್ಲ.

ಹಾಗಾದರೆ ಈ ಮಬ್ಬಿನ ಬೆಲೆಯನ್ನು ತೆರುವವರು ಯಾರು? ಅಮೆರಿಕದ ಷಿಕಾಗೊ ನಗರದಲ್ಲಿ ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಎಂಬ ಸಂಶೋಧಕರು ಒಂದೇ ಮಾತುಗಳನ್ನು ಕಲಿಸಿ ಬೇರೆ ಬೇರೆ ಜನರನ್ನು ಹೊಸ ಕಾರಿನ ಡೀಲರುಗಳ ಬಳಿ ಕಳುಹಿಸಿದರು. ಬಿಳಿಯ ಗಂಡಸರಿಗೆ ಹೇಳಿದ ಬೆಲೆ ಕಡಿಮೆ. ಕಪ್ಪು ಜನರಿಗೆ, ಹೆಂಗಸರಿಗೆ ಹೇಳಿದ್ದು ಹೆಚ್ಚು ಎಂಬುದು 1995ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರ. ನಮ್ಮಲ್ಲಿ ಈ ರೇಖೆಗಳು ಬೇರೆ ಕಡೆ ಎಳೆಯಲ್ಪಟ್ಟಿರಬಹುದು. ಮೊದಲ ಬಾರಿಗೆ ಕಾರು ಕೊಳ್ಳುವವರು, ಒಬ್ಬಂಟಿಯಾಗಿ ಬರುವ ಮಹಿಳೆ, ಇಂಗ್ಲಿಷಿನ ದರಪಟ್ಟಿ ಓದಲು ಸಂಕೋಚಪಡುವ ಹಳ್ಳಿಯ ಹಿರಿಯರು ಕೇಳುವ ಬೆಲೆ, ಸಲೀಸಾಗಿ ವಾದಿಸಬಲ್ಲವರು ಕೇಳುವ ಬೆಲೆಗಿಂತ ಹೆಚ್ಚಾಗಿರಲು ಈ ವ್ಯವಸ್ಥೆಯಲ್ಲಿ ಧಾರಾಳ ಅವಕಾಶವಿದೆ. ಮಾತು ಬಲ್ಲವರ ರಿಯಾಯಿತಿಯ ಹೊರೆಯನ್ನು ಮಾತು ಬಾರದವರು ಹೊರಬೇಕಾಗುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಸೆನೆಟರ್ ಮನ್ರೋನಿಯವರ ಪ್ರಯತ್ನದಿಂದ ಅಮೆರಿಕದಲ್ಲಿ 1958ರಲ್ಲೇ ಕಾನೂನೊಂದು ಬಂತು. ತಯಾರಕರು ಸೂಚಿಸಿದ ಬೆಲೆ, ಪ್ರತಿ ಹೆಚ್ಚುವರಿ ಸಾಧನದ ಬೆಲೆ, ಸಾಗಣೆ ವೆಚ್ಚ ಇವನ್ನು ನಮೂದಿಸಿದ ಚೀಟಿಯನ್ನು ಪ್ರತಿಯೊಂದು ಹೊಸ ಕಾರಿನ ಗಾಜಿಗೆ ಅಂಟಿಸಬೇಕು, ಕೊಂಡವರ ಕೈ ಸೇರುವವರೆಗೆ ಅದನ್ನು ಕೀಳುವಂತಿಲ್ಲ. ಇದರಿಂದ ಚೌಕಾಶಿ ನಿಲ್ಲಲಿಲ್ಲ, ಪಕ್ಷಪಾತವೂ ಅಳಿಯಲಿಲ್ಲವೆಂದು ಷಿಕಾಗೊ ಅಧ್ಯಯನವೇ ಹೇಳುತ್ತದೆ. ಆದರೂ ಎಲ್ಲರ ಕಣ್ಣಿಗೂ ಬೀಳುವ ಒಂದು ಅಂಕಿಯಿಂದ ಮಾತು ಆರಂಭವಾಗುತ್ತದೆ. ನಮ್ಮಲ್ಲಿ ಒಂದು ಹೆಜ್ಜೆ ಮುಂದೆ ಹೋಗಬಹುದು. ಸರ್ಕಾರಕ್ಕೆ ಸಲ್ಲುವುದು ಎಷ್ಟು, ಕಡ್ಡಾಯ ವಿಮೆ ಎಷ್ಟು, ಐಚ್ಛಿಕವಾದದ್ದು ಯಾವುದು ಎಂದು ವಿಂಗಡಿಸಿದ ದರಪಟ್ಟಿಯನ್ನು ಆಯಾ ರಾಜ್ಯದ ಭಾಷೆಯಲ್ಲಿ, ಮುಂಗಡ ಪಡೆಯುವ ಮುನ್ನವೇ ಕೊಡಬೇಕೆಂದು ನಿಯಮ ಮಾಡಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಪೂರ್ತಿಯಾಗಿ ಕೈಸೇರಿತೇ, ಅಥವಾ ಹಿಂದಿದ್ದ ರಿಯಾಯಿತಿಯ ಕಡಿತದಲ್ಲಿ ಒಂದಿಷ್ಟು ಕರಗಿತೇ ಎಂದು ತಿಳಿಯಲು ಇಂಥ ಚೀಟಿಯಿಲ್ಲದೆ ಗ್ರಾಹಕನಿಗೆ ದಾರಿಯಿಲ್ಲ.

ಕಾನೂನು ಬರುವವರೆಗೆ ಓದುಗರು ತಾವೇ ಮಾಡಬಹುದಾದದ್ದಿದೆ. ಬಾಯಿಮಾತಿನ ಬೆಲೆಯನ್ನು ಒಪ್ಪದೆ, ಬಾಬತ್ತುವಾರು ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಕನಿಷ್ಠ ಇಬ್ಬರು ಡೀಲರುಗಳಿಂದ ಪಡೆಯಿರಿ. ಹೊಸ ಕಾರಿನ ಬೆಲೆ, ಹಳೆಯದರ ವಿನಿಮಯ, ಸಾಲ ಈ ಮೂರನ್ನೂ ಬೇರೆ ಬೇರೆಯಾಗಿ ಇತ್ಯರ್ಥಪಡಿಸಿಕೊಳ್ಳಿ. ಒಂದೇ ಮಾಸಿಕ ಕಂತಿನಲ್ಲಿ ಬೆರೆಸಿದರೆ ಯಾವುದರಲ್ಲಿ ಎಷ್ಟು ಹೋಯಿತೆಂದು ತಿಳಿಯದು. ಪೂರ್ತಿ ಹಣ ಕಟ್ಟುವ ಮುನ್ನ ನಿಮಗೆ ಕೊಡಲಿರುವ ಕಾರಿನ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಕೇಳಿ, ಮಾರಾಟ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ. ಮೋಸವಾಯಿತೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಗಳಿವೆ.

ಆದರೆ ಪ್ರತಿಯೊಬ್ಬ ಗ್ರಾಹಕನೂ ಚೌಕಾಶಿಯಲ್ಲಿ ಪಳಗಬೇಕೆಂದು ನಿರೀಕ್ಷಿಸುವುದು ನಾಗರಿಕ ವ್ಯವಸ್ಥೆಗೆ ತಕ್ಕುದಲ್ಲ. ಬಿಸ್ಕತ್ತು ಕೊಳ್ಳುವ ಮಗುವಿಗೆ ನಾವು ಕೊಟ್ಟಿರುವ ರಕ್ಷಣೆಯನ್ನು, ನಿವೃತ್ತಿಯ ಹಣದಲ್ಲೋ ಏಳು ವರ್ಷಗಳ ಸಾಲದಲ್ಲೋ ಕಾರು ಕೊಳ್ಳುವವರಿಗೂ ಕೊಡಲು ಬೇಕಾಗಿರುವುದು ಒಂದು ಹಾಳೆ ಕಾಗದ ಮತ್ತು ಅದನ್ನು ಕಡ್ಡಾಯ ಮಾಡುವ ಇಚ್ಛಾಶಕ್ತಿ ಮಾತ್ರ.