ತವರಿಗೆ ಹೊರಟ ಗರ್ಭಿಣಿಯ ರೈಲು ಪ್ರಯಾಣ

ಸೀಮಂತವಾದ ಮೇಲೆ ಚೊಚ್ಚಲ ಗರ್ಭಿಣಿಯನ್ನು ತವರಿಗೆ ಕರೆತರುವುದು ನಮ್ಮಲ್ಲಿ ವಾಡಿಕೆಯಷ್ಟೆ. ಚಿಂತಾಮಣಿ, ಶಿಡ್ಲಘಟ್ಟಗಳ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ರೈಲಿನಲ್ಲಿ ಬರುವ ಗರ್ಭಿಣಿಯರು, ಶೌಚಗೃಹಕ್ಕೆ ಏಳಲು ಸಂಕೋಚಪಟ್ಟು ನೀರನ್ನೇ ಕುಡಿಯದಿರುವುದನ್ನು ನಾವು ಕಂಡು ಮರುಗಿದ್ದೇವೆ. ಇದು ತರವಲ್ಲ. ನೀರು ಸಾಲದೆ ಬಹುಹೊತ್ತು ಕುಳಿತೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಭಯವುಂಟು. ಮೂತ್ರವನ್ನು ತಡೆದರೆ ಸೋಂಕು ತಗಲೀತು. ಆದುದರಿಂದ ಕಾಯಿಸಿ ಆರಿಸಿದ ನೀರನ್ನು ಆಗಾಗ್ಗೆ ಕುಡಿಯಬೇಕು. ಗಾಡಿ ನಿಂತಾಗ ಜೊತೆಯವರ ಕೈಹಿಡಿದು ಒಳಗೇ ನಾಲ್ಕು ಹೆಜ್ಜೆ ನಡೆಯಬೇಕು. ದೂರದಿಂದ ಬರುವವರು ಟಿಕೆಟ್ಟನ್ನು ಕಾದಿರಿಸುವಾಗಲೇ ವೈದ್ಯರ ಪತ್ರವನ್ನು ತೋರಿಸಿ, ಗರ್ಭಿಣಿಯರಿಗೆ ಸಲ್ಲುವ ಕೆಳಗಿನ ಬರ್ತನ್ನು ಕೇಳತಕ್ಕದ್ದು. ತಾಯಿ ಕಾರ್ಡು ಕೈಚೀಲದಲ್ಲಿಯೇ ಇರಲಿ. ರಕ್ತಸ್ರಾವ, ಹೊಟ್ಟೆನೋವುಗಳು ತೋರಿದರೆ ತಡಮಾಡದೆ 139ಕ್ಕೆ ದೂರವಾಣಿ ಮಾಡತಕ್ಕದ್ದು. ಸಂಕೋಚವು ಭೂಷಣವೇ ಸರಿ; ಆದರೆ ಎರಡು ಜೀವಗಳಿಗಿಂತ ಹಿರಿದಲ್ಲ.