ಗೌರಿ ಹೂ ಅಂಗಳದಲ್ಲಿ ಬೆಳೆಯಲಿ, ಗಡ್ಡೆಯ ಬಗ್ಗೆ ಎಚ್ಚರವಿರಲಿ

ಮುಂಗಾರು ಹಿಡಿದು ಒಂದೆರಡು ತಿಂಗಳಾದರೆ ಬೇಲಿ ಸಾಲಿನ ಮೇಲೆ, ಕುರುಚಲು ಗುಡ್ಡದಲ್ಲಿ, ರಸ್ತೆ ಬದಿಯ ಪೊದೆಯಲ್ಲಿ ಕೆಂಪು-ಹಳದಿ ಹೂವೊಂದು ಕಾಣಿಸಿಕೊಳ್ಳುತ್ತದೆ. ಆರು ಎಸಳು, ಅಂಚೆಲ್ಲ ಅಲೆಅಲೆ. ಎಸಳುಗಳು ಹಿಂದಕ್ಕೆ ಮಡಚಿ ಮೇಲ್ಮುಖವಾಗಿ ನಿಲ್ಲುವುದರಿಂದ ದೂರಕ್ಕೆ ಉರಿಯುವ ಬೆಂಕಿಯಂತೆಯೇ ತೋರುತ್ತದೆ. ಕನ್ನಡದಲ್ಲಿ ಇದು ಗೌರಿ ಹೂ, ಅಗ್ನಿಶಿಖೆ; ಕೆಲವು ಕಡೆ ಕೋಳಿಕುಟುಮ. ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿನ ರಾಜ್ಯ ಪುಷ್ಪ ಇದೇ. ಆಫ್ರಿಕಾದ ಜಿಂಬಾಬ್ವೆ ದೇಶದ ರಾಷ್ಟ್ರೀಯ ಪುಷ್ಪವೂ ಇದೇ.

ಒಮ್ಮೆ ನೆಟ್ಟರೆ ವರ್ಷ ವರ್ಷವೂ ಮಳೆಗೆ ತಾನಾಗಿ ಎದ್ದು ಬರುವ ಈ ಬಳ್ಳಿಯನ್ನು ಮನೆಯಂಗಳದಲ್ಲಿ ಬೆಳೆಸುವುದು ಕಷ್ಟವಲ್ಲ. ಆದರೆ ಇದರ ಗಡ್ಡೆ, ಬೀಜ, ಎಲೆ, ಹೂ ಎಲ್ಲವೂ ವಿಷ. ಆದ್ದರಿಂದ ಬೆಳೆಸುವ ಕ್ರಮದ ಜೊತೆಗೆ ಎಚ್ಚರಿಕೆಯನ್ನೂ ತಿಳಿದಿರಬೇಕು.

ಹೆಸರಿನಲ್ಲೇ ಎಚ್ಚರಿಕೆ

ಗಡಿಯ ಆಚೆ ಈಚೆ ಎರಡೆರಡು ಭಾಷೆ ಆಡುವವರಿಗೆ ಈ ಹೂವಿನ ಹೆಸರುಗಳೇ ಒಂದು ಪಾಠ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಕನ್ನಡದವರಿಗೆ ಗೌರಿ ಹೂವಾಯಿತು. ಕಾಸರಗೋಡಿನ ಮಲಯಾಳಿ ನೆರೆಯವರಿಗೆ ಇದು ಮೇಂತೋನ್ನಿ. ತಾಳವಾಡಿ, ಹೊಸೂರು ಕಡೆಯ ತಮಿಳರಿಗೆ ಸೆಂಗಾಂದಳ್ ಅಥವಾ ಕಾರ್ತಿಗೈ ಪೂ. ಈಶಾನ್ಯ ಮಾರುತದ ಮಳೆಯನ್ನೇ ನಂಬಿರುವ ತಮಿಳುನಾಡಿನ ಜಿಲ್ಲೆಗಳಲ್ಲಿ ಗಡ್ಡೆ ತಡವಾಗಿ ಚಿಗುರಿ ಕಾರ್ತೀಕದ ಹೊತ್ತಿಗೆ ಹೂ ಬಿಡುತ್ತದೆ. ನಮ್ಮಲ್ಲಿ ಭಾದ್ರಪದದ ಗೌರಿ, ಅವರಲ್ಲಿ ಕಾರ್ತೀಕ. ಹೂ ಒಂದೇ, ಮಳೆಗಾಲ ಬೇರೆ. ಸಂಗಮ ಕಾಲದ ಕವಿ ಕಪಿಲರ ‘ಕುರಿಂಜಿಪ್ಪಾಟ್ಟು’ ಕಾವ್ಯದಲ್ಲಿ ಬರುವ 99 ಹೂಗಳ ಪಟ್ಟಿ ಶುರುವಾಗುವುದು ಇದೇ ಕಾಂದಳಿನಿಂದ.

ಗಡ್ಡೆಗೆ ತಮಿಳರು ಇಟ್ಟ ಹೆಸರುಗಳು ಎರಡು. ನೇಗಿಲಿನಂತೆ ಕವಲೊಡೆದಿರುವುದರಿಂದ ಕಲಪ್ಪೈ ಕಿಳಂಗು. ಸಂಸ್ಕೃತದ ಲಾಂಗಲಿ ಎಂಬ ಹೆಸರಿನ ಅರ್ಥವೂ ನೇಗಿಲೇ. ಇನ್ನೊಂದು ಕಣ್‌ವಲಿ ಕಿಳಂಗು, ಅಂದರೆ ಕಣ್ಣುನೋವಿನ ಗಡ್ಡೆ. ಹೂವನ್ನು ದಿಟ್ಟಿಸಿ ನೋಡಿದರೆ ಕಣ್ಣು ಬೇನೆ ಬರುತ್ತದೆ ಎಂಬ ನಂಬಿಕೆ ಅಲ್ಲಿದೆ. ಮರಾಠಿಯಲ್ಲಿ ಕಳಲಾವಿ ಎನ್ನುತ್ತಾರೆ. ಜಗಳ ಹಚ್ಚುವಾಕೆ ಎಂದು ಕೆಲವರು ಅರ್ಥ ಹೇಳಿದರೆ, ಹೆರಿಗೆ ನೋವು ಬರಿಸುವಂಥದ್ದು ಎಂದು ಇನ್ನು ಕೆಲವರು ಬಿಡಿಸುತ್ತಾರೆ. ತೆಲುಗಿನ ಅಡವಿನಾಭಿಯಂತೂ ನೇರವಾಗಿಯೇ ಹೇಳುತ್ತದೆ: ನಾಭಿ ಎಂದರೆ ಹೆಸರಾಂತ ವಿಷದ ಬೇರು. ನೋಡಿದರೆ ಕಣ್ಣುನೋವು, ಮನೆಗೆ ತಂದರೆ ಜಗಳ ಎಂಬ ಮಾತು ನಿಜವಲ್ಲದಿರಬಹುದು. ಆದರೆ ಮಕ್ಕಳು ಆ ಗಡ್ಡೆಯ ಹತ್ತಿರ ಹೋಗದಂತೆ ಅವು ತಡೆಯುತ್ತಿದ್ದವು ಎಂಬುದಂತೂ ನಿಜ.

ಗಿಡದ ಸ್ವಭಾವ

ಇದು ಬಹುವಾರ್ಷಿಕ ಬಳ್ಳಿ. ಆದರೆ ನೆಲದ ಮೇಲೆ ವರ್ಷವಿಡೀ ಇರುವುದಿಲ್ಲ. ಮಳೆ ಬಿದ್ದಾಗ ಗಡ್ಡೆಯ ತುದಿಯಿಂದ ಮೊಳಕೆ ಏಳುತ್ತದೆ, ಬಳ್ಳಿ ಹತ್ತು ಅಡಿಗೂ ಮೀರಿ ಹಬ್ಬುತ್ತದೆ, ಹೂ ಬಿಟ್ಟು ಕಾಯಿ ಕಟ್ಟುತ್ತದೆ, ನಂತರ ಹಳದಿಯಾಗಿ ಒಣಗಿ ಹೋಗುತ್ತದೆ. ಬೇಸಿಗೆಯಲ್ಲಿ ಗಡ್ಡೆ ಮಾತ್ರ ಮಣ್ಣೊಳಗೆ ಮಲಗಿರುತ್ತದೆ. ಹಳೆಯ ಗಡ್ಡೆ ಪ್ರತಿ ವರ್ಷ ಸೊರಗಿ, ಅದರ ಜಾಗದಲ್ಲಿ ಎರಡು ತೋಳಿನ ಹೊಸ ಗಡ್ಡೆ ಬೆಳೆದಿರುತ್ತದೆ.

ಬಳ್ಳಿಗೆ ಬೇರೆ ಕುಡಿಗಳಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹೂ ಅರಳುವಾಗ ಹಸಿರು-ಹಳದಿಯಾಗಿದ್ದು, ದಿನ ಕಳೆದಂತೆ ತುದಿಯಿಂದ ಕೆಂಪೇರಿ ಕೊನೆಗೆ ಪೂರ್ತಿ ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಹಲವು ಬಣ್ಣ ಕಾಣುವುದು ಇದರಿಂದಲೇ.

ಜಾಗ ಮತ್ತು ಮಣ್ಣು

ಗೌರಿ ಹೂವಿಗೆ ಬಿಸಿಲು ಬೇಕು. ಮರದ ನೆರಳಲ್ಲಿ ನೆಟ್ಟರೆ ಬಳ್ಳಿ ಬೆಳೆದೀತು, ಹೂ ಕಡಿಮೆ. ಬೇಲಿಯಲ್ಲಿ ಬೆಳೆಯುವಾಗ ಅದರ ಬುಡ ಪೊದೆಯ ನೆರಳಲ್ಲಿದ್ದು ತಲೆ ಬಿಸಿಲಿಗೆ ಚಾಚಿರುತ್ತದೆ. ಅಂಗಳದಲ್ಲೂ ಹಾಗೆಯೇ ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ಒಳ್ಳೆಯದು.

ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಇದನ್ನು ಬೆಳೆಸಿ ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲೇ. ತಾಳವಾಡಿ, ಮಡಕಶಿರಾ ಕಡೆಯ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಾಸರಗೋಡಿನಲ್ಲಿ ಮಳೆ ಜೋರು. ಅಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ದಿಬ್ಬ ಮಾಡಿ, ಮಣ್ಣಿಗೆ ಮರಳು, ಹಳೆ ಗೊಬ್ಬರ ಬೆರೆಸಿ ನೆಡಬೇಕು. ಸೊಲ್ಲಾಪುರ, ಅಕ್ಕಲಕೋಟೆಯ ಕಪ್ಪು ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಗುಂಡಿ ತೋಡಿ ಗರಸು, ಮರಳು ತುಂಬಿ ನೆಡುವುದು ಅಥವಾ ದೊಡ್ಡ ಕುಂಡದಲ್ಲಿ ಬೆಳೆಸುವುದು ಕ್ಷೇಮ. ಕುಂಡದ ತಳದ ತೂತು ಮುಚ್ಚಿಕೊಂಡಿಲ್ಲವೇ ಎಂದು ಆಗಾಗ ನೋಡಬೇಕು.

ಗಡ್ಡೆಯಿಂದ ಬೆಳೆಸುವುದು

ಬೇಗ ಹೂ ಬೇಕೆಂದರೆ ಗಡ್ಡೆಯೇ ದಾರಿ. ಗಡ್ಡೆ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಇರುತ್ತದೆ. ಪ್ರತಿ ತೋಳಿನ ತುದಿಯಲ್ಲಿ ಒಂದೇ ಒಂದು ಕಣ್ಣು. ಆ ತುದಿ ಮುರಿದರೆ ಆ ತೋಳು ಮೊಳೆಯುವುದಿಲ್ಲ. ಆಲೂಗಡ್ಡೆಯ ಹಾಗೆ ತುಂಡು ಮಾಡಿ ನೆಡುವಂತಿಲ್ಲ. ಗಿಡ ಮಲಗಿರುವ ಕಾಲದಲ್ಲಿ ಎರಡು ತೋಳು ಸೇರುವಲ್ಲಿ ಮಾತ್ರ ಬಿಡಿಸಿದರೆ ಒಂದು ಎರಡಾಗುತ್ತದೆ.

ಗಡ್ಡೆ ದಪ್ಪನಾಗಿದ್ದಷ್ಟೂ ಹೂ ಹೆಚ್ಚು. ಐವತ್ತು-ಅರವತ್ತು ಗ್ರಾಂ ತೂಕವಿದ್ದರೆ ಮೊದಲ ವರ್ಷವೇ ಹೂ ಬರುತ್ತದೆ. ಸಣ್ಣದಾದರೆ ಒಂದೆರಡು ವರ್ಷ ಬಳ್ಳಿ ಮಾತ್ರ. ಮೇ ಕೊನೆ ಅಥವಾ ಜೂನ್‌ನಲ್ಲಿ, ಮೊದಲ ಮಳೆಯ ಹೊತ್ತಿಗೆ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಬೇಕು. ಗಡ್ಡೆಯಿಂದ ಗಡ್ಡೆಗೆ ಒಂದೂವರೆ ಅಡಿ ಅಂತರ ಸಾಕು. ಮೊಳಕೆ ಕಾಣುವವರೆಗೆ ನೀರು ಹಿತಮಿತ. ಮೊಳಕೆಯ ತುದಿ ಬಹಳ ಸೂಕ್ಷ್ಮ. ಕಳೆ ಕೀಳುವಾಗ ತಾಗಿ ಮುರಿದರೆ ಆ ವರ್ಷದ ಹೂ ಹೋದಂತೆಯೇ.

ಆಧಾರವನ್ನು ಮೊದಲೇ ನಿಲ್ಲಿಸಿರಬೇಕು. ಬಳ್ಳಿ ಬಂದ ಮೇಲೆ ಕೋಲು ಹೂಳಲು ಹೋದರೆ ಗಡ್ಡೆಗೆ ಪೆಟ್ಟಾಗುತ್ತದೆ. ಎಲೆಯ ತುದಿ ಸಣ್ಣದಾದ್ದರಿಂದ ದಪ್ಪ ಕಂಬವನ್ನು ಹಿಡಿಯಲಾರದು. ತಂತಿ, ಬಲೆ, ಸಪುರ ಕಡ್ಡಿ, ಒಣ ಮುಳ್ಳುಕೊಂಬೆ ಒಳ್ಳೆಯದು.

ಬೀಜದಿಂದ ಬೆಳೆಸುವುದು

ಬೀಜದಿಂದಲೂ ಬೆಳೆಸಬಹುದು, ತಾಳ್ಮೆ ಬೇಕು. ಕಾಯಿ ಒಣಗಿ ಒಡೆದಾಗ ಕಿತ್ತಳೆ-ಕೆಂಪು ಬೀಜಗಳು ಸಿಗುತ್ತವೆ. ಅವು ಕೂಡಲೇ ಮೊಳೆಯುವುದಿಲ್ಲ, ಹಲವು ತಿಂಗಳು ಸುಪ್ತವಾಗಿರುತ್ತವೆ. ಒಣಗಿಸಿಟ್ಟು ಮುಂದಿನ ಮಳೆಗಾಲಕ್ಕೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಲ್ಲಿ ಬಿತ್ತಬೇಕು. ಕೆಲವು ತಿಂಗಳೊಳಗೆ ಮೊಳೆಯುತ್ತವೆ, ಕೆಲವು ಇನ್ನೂ ತಡ. ಮೊದಲ ವರ್ಷ ಹುಲ್ಲಿನ ಗರಿಯಂಥ ಸಸಿ ಬಂದು ಒಣಗುತ್ತದೆ. ಸತ್ತಿತೆಂದು ಕುಂಡ ಸುರಿಯಬಾರದು, ಕೆಳಗೆ ಪುಟ್ಟ ಗಡ್ಡೆ ಇರುತ್ತದೆ. ಹೂ ಕಾಣಲು ಮೂರು-ನಾಲ್ಕು ವರ್ಷ ಬೇಕು.

ಮನೆಯ ಗಿಡದಲ್ಲಿ ಹೂ ತುಂಬ, ಕಾಯಿ ಮಾತ್ರ ಇಲ್ಲ ಎಂಬ ದೂರು ಸಾಮಾನ್ಯ. ಹೂವಿನ ರಚನೆಯೇ ಇದಕ್ಕೆ ಕಾರಣ. ಪರಾಗ ಸ್ವೀಕರಿಸುವ ಶಲಾಕೆ ಬುಡದಲ್ಲೇ ಅಡ್ಡಕ್ಕೆ ಬಾಗಿ ಕೇಸರಗಳಿಂದ ದೂರ ಚಾಚಿರುತ್ತದೆ. ಚಿಟ್ಟೆ, ಸೂರಕ್ಕಿ ಬಂದರೆ ಪರಾಗ ತಾಗುತ್ತದೆ, ಬಾರದಿದ್ದರೆ ಇಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಮೃದುವಾದ ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿನ ಶಲಾಕೆಯ ತುದಿಗೆ ಸವರಿದರೆ ಕಾಯಿ ಕಟ್ಟುತ್ತದೆ. ಬೀಜ ಬೇಡದವರು ಬಾಡಿದ ಹೂಗಳನ್ನು ತೆಗೆದುಬಿಡುವುದೇ ಒಳಿತು. ಗಡ್ಡೆಯೂ ದಪ್ಪವಾಗುತ್ತದೆ, ಮಕ್ಕಳ ಕೈಗೆ ಬೀಜ ಸಿಗುವ ಭಯವೂ ಇಲ್ಲ.

ಹುಳು, ಕೊಳೆ ಮತ್ತು ಬೇಸಿಗೆಯ ನಿದ್ದೆ

ಕಪ್ಪು, ಬಿಳಿ, ಕೆಂಪು ಚುಕ್ಕೆಗಳ ಬಣ್ಣದ ಕಂಬಳಿಹುಳುವೊಂದು ಈ ಬಳ್ಳಿಯ ಎಲೆಯನ್ನು ಬೋಳಿಸುತ್ತದೆ. ಬೇರೆ ಪ್ರಾಣಿಗಳಿಗೆ ವಿಷವಾದ ಎಲೆ ಅದಕ್ಕೆ ಆಹಾರ. ಕೈಗವಸು ಹಾಕಿ ಹೆಕ್ಕಿ ತೆಗೆಯಬಹುದು, ಹೆಚ್ಚಾದರೆ ಬೇವಿನ ಕಷಾಯ ಸಿಂಪಡಿಸಬಹುದು. ಗಡ್ಡೆ ಕೊಳೆಯದಂತೆ ನೆಡುವ ಗುಂಡಿಗೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕುವುದುಂಟು.

ಬಳ್ಳಿ ಹಳದಿಯಾಗತೊಡಗಿದಾಗ ನೀರು ನಿಲ್ಲಿಸಬೇಕು. ಗಿಡ ಸಾಯುತ್ತಿದೆ ಎಂದು ಮತ್ತಷ್ಟು ನೀರು ಸುರಿದು ಗಡ್ಡೆ ಕೊಳೆಸಿದವರು ಬಹಳ. ಒಣ ಪ್ರದೇಶದಲ್ಲಿ ಗಡ್ಡೆಯನ್ನು ಮಣ್ಣಲ್ಲೇ ಬಿಡಬಹುದು. ಆದರೆ ಜಾಗಕ್ಕೆ ಕಲ್ಲು ಅಥವಾ ಫಲಕ ಇಟ್ಟು ಗುರುತು ಮಾಡಲೇಬೇಕು. ಅಗೆದು ತೆಗೆಯುವುದಾದರೆ ಒಣ ಮರಳಲ್ಲಿಟ್ಟು ‘ವಿಷ’ ಎಂದು ಬರೆದು, ಅಡುಗೆಮನೆ ಮತ್ತು ಧಾನ್ಯದ ಕೋಣೆಯಿಂದ ದೂರ, ಎತ್ತರದಲ್ಲಿ ಇಡಬೇಕು.

ಗೆಣಸೆಂದು ತಿಂದರೆ ಪ್ರಾಣಕ್ಕೆ ಅಪಾಯ

ಈ ಗಿಡದ ವಿಷ ಕಾಲ್ಚಿಸಿನ್. ಬೇಯಿಸಿದರೂ ಒಣಗಿಸಿದರೂ ಅದು ಹೋಗುವುದಿಲ್ಲ. ಗೆಣಸು, ಕಾಡುಗೆಣಸು ಎಂದು ತಪ್ಪು ತಿಳಿದು ಗಡ್ಡೆ ತಿಂದು ಸತ್ತವರ ವರದಿಗಳು ಭಾರತದಲ್ಲೂ ಶ್ರೀಲಂಕಾದಲ್ಲೂ ಇವೆ. ತಿಂದ ಕೂಡಲೇ ಏನೂ ಆಗದಿರಬಹುದು. ಕೆಲವು ಗಂಟೆಗಳ ನಂತರ ಗಂಟಲು ಉರಿ, ವಾಂತಿ, ಭೇದಿ ಶುರುವಾಗುತ್ತದೆ. ಆಮೇಲೆ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಮೂಳೆಮಜ್ಜೆಗೆ ಪೆಟ್ಟು ಬೀಳುತ್ತದೆ. ಬದುಕಿದವರಿಗೂ ಒಂದೆರಡು ವಾರದಲ್ಲಿ ತಲೆಗೂದಲು ಉದುರುವುದುಂಟು. ವಾಂತಿ-ಭೇದಿ ತಾನೇ, ನಿಲ್ಲುತ್ತದೆ ಎಂದು ಮನೆಯಲ್ಲಿ ಕಾಯಬಾರದು. ತಿಂದದ್ದು ತಿಳಿದ ತಕ್ಷಣ, ಲಕ್ಷಣ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು, ಗಿಡದ ತುಂಡನ್ನೂ ವೈದ್ಯರಿಗೆ ತೋರಿಸಬೇಕು. 108 ಆಂಬ್ಯುಲೆನ್ಸ್ ಗಡಿಯ ಎರಡೂ ಬದಿಯ ರಾಜ್ಯಗಳಲ್ಲಿ ಸಿಗುತ್ತದೆ.

ಹಾವು ಕಡಿತಕ್ಕೆ, ಗರ್ಭ ಇಳಿಸುವುದಕ್ಕೆ, ಹೆರಿಗೆಗೆ ಈ ಗಡ್ಡೆ ಬಳಸುವ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಆಯುರ್ವೇದ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶುದ್ಧಿ ಮಾಡದೆ ಬಳಸಬಾರದು ಎಂದಿದೆ. ಮನೆಮದ್ದಾಗಿ ಇದನ್ನು ಮುಟ್ಟಲೇಬಾರದು.

ಬೆಳೆಸುವವರು ನಾಲ್ಕು ಮಾತು ನೆನಪಿಡಬೇಕು. ಗೆಣಸು, ಶುಂಠಿ, ಅರಿಶಿನದ ಪಾತಿಯ ಹತ್ತಿರ ನೆಡಬಾರದು. ಪುಟ್ಟ ಮಕ್ಕಳಿರುವ ಮನೆಯವರು ಮಕ್ಕಳು ದೊಡ್ಡವರಾಗುವವರೆಗೆ ಕಾಯುವುದು ಮೇಲು. ಕತ್ತರಿಸಿದ ಬಳ್ಳಿಯನ್ನು ದನ, ಆಡುಗಳ ಮುಂದೆ ಹಾಕಬಾರದು. ಗಡ್ಡೆ ಮುಟ್ಟುವಾಗ ಕೈಗವಸು ಇರಬೇಕು, ಆಮೇಲೆ ಕೈ, ಕತ್ತಿ ಎರಡನ್ನೂ ಸಾಬೂನಿನಿಂದ ತೊಳೆಯಬೇಕು.

ವಿಷವೇ ಔಷಧ, ಔಷಧವೇ ಬೆಳೆ

ಇದೇ ಕಾಲ್ಚಿಸಿನ್ ವೈದ್ಯರ ಕೈಯಲ್ಲಿ, ಅಳೆದ ಪ್ರಮಾಣದಲ್ಲಿ, ಗೌಟ್ ಎಂಬ ಕೀಲುಬಾವಿನ ರೋಗಕ್ಕೆ ಮದ್ದು. ಬೀಜವಿಲ್ಲದ ಕಲ್ಲಂಗಡಿ ತಳಿ ಮಾಡುವಲ್ಲೂ ಇದರ ಬಳಕೆಯಿದೆ. ಗಡ್ಡೆಗಿಂತ ಬೀಜದಲ್ಲಿ ಇದರ ಅಂಶ ಹೆಚ್ಚು. ಹಾಗಾಗಿ ತಮಿಳುನಾಡಿನ ಮೂಲನೂರು, ಒಟ್ಟನ್‌ಛತ್ರಂ, ವೇದಾರಣ್ಯಂ ಕಡೆ ರೈತರು ಬೀಜಕ್ಕಾಗಿಯೇ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಅಲ್ಲಿ ಕೈಪರಾಗಸ್ಪರ್ಶ ದಿನಗೂಲಿಯ ಕೆಲಸ. ಬೀಜ ಕೊಯ್ಲಿಗೆ ಬರಲು ಸುಮಾರು ಆರು ತಿಂಗಳು. ಗಡ್ಡೆ, ಆಧಾರ, ಕೂಲಿ ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು, ಕೊಳ್ಳುವವರು ರಫ್ತಿನ ವ್ಯಾಪಾರಿಗಳು. ಖರೀದಿದಾರರನ್ನು ಗೊತ್ತುಮಾಡಿಕೊಳ್ಳದೆ ಹೊಲಕ್ಕಿಳಿಸುವುದು ಜಾಣತನವಲ್ಲ.

ಕಾಡಿನಿಂದ ಅಗೆಯುವುದು ಬೇಡ

ಗಡ್ಡೆಗೆ ಬೆಲೆ ಬಂದದ್ದರಿಂದ ಬೇಲಿ, ಗುಡ್ಡಗಳಲ್ಲಿದ್ದದ್ದನ್ನು ಅಗೆದು ಒಯ್ಯುವುದೂ ನಡೆಯಿತು. ಗಡ್ಡೆ ಅಗೆದರೆ ಆ ಗಿಡದ ಕಥೆ ಅಲ್ಲಿಗೆ ಮುಗಿಯಿತು. ಬೀಜದಿಂದ ಇನ್ನೊಂದು ಗಿಡ ಹೂ ಬಿಡುವ ಮಟ್ಟಕ್ಕೆ ಬರಲು ಮೂರು-ನಾಲ್ಕು ವರ್ಷ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಡ್ಡೆ ತೆಗೆಯುವುದು ಅಪರಾಧವೂ ಹೌದು. ಬೇಲಿಗಳ ಜಾಗಕ್ಕೆ ಕಲ್ಲಿನ ಗೋಡೆ, ತಂತಿ ಬರುತ್ತಿರುವಾಗ ಈ ಬಳ್ಳಿಗೆ ಮೊದಲಿದ್ದ ನೆಲೆಯೂ ಕಿರಿದಾಗುತ್ತಿದೆ.

ಆದ್ದರಿಂದ ನರ್ಸರಿಯಿಂದಲೋ ಈಗಾಗಲೇ ಬೆಳೆಸಿದ ನೆಂಟರಿಷ್ಟರಿಂದಲೋ ಒಂದು ಗಡ್ಡೆ ತಂದರೆ ಸಾಕು. ಚೆನ್ನಾಗಿ ಬಂದರೆ ಮುಂದಿನ ವರ್ಷ ಒಂದು ಎರಡಾಗುತ್ತದೆ, ಅದರ ಮುಂದಿನ ವರ್ಷ ನೆರೆಮನೆಗೂ ಕೊಡಬಹುದು. ಕೊಡುವಾಗ ಗಡ್ಡೆಯ ಜೊತೆಗೆ ಅದು ವಿಷ ಎಂಬ ಮಾತನ್ನೂ ಕನ್ನಡದಲ್ಲೋ, ನೆರೆಯವರ ಭಾಷೆಯಲ್ಲೋ ತಪ್ಪದೆ ಹೇಳಿ ಕೊಡಬೇಕು.