ಎತ್ತರದ ಊರಿಗೆ ನೆರೆ ಏಕೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಮಗ್ಗುಲಲ್ಲಿ ದೊಡ್ಡ ನದಿ ಯಾವುದೂ ಇಲ್ಲ. ಹೀಗಿದ್ದರೂ 2021ರ ನವೆಂಬರಿನಲ್ಲೊಮ್ಮೆ, 2024ರ ಅಕ್ಟೋಬರಿನಲ್ಲಿ ಮತ್ತೊಮ್ಮೆ, ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಷ್ಟು ಎತ್ತರದ ಊರಿಗೆ ದೋಣಿ ಬಂದುದೇಕೆ? ಆರ್.ಟಿ. ನಗರದವರಿಗೆ ಈ ಪ್ರಶ್ನೆ ದೂರದ್ದಲ್ಲ. ಯಲಹಂಕದಂತೆ ಅದೂ ಹೆಬ್ಬಾಳದ ಕಣಿವೆಗೆ ಸೇರಿದ ನೆಲ.

ಎತ್ತರವೆಂಬುದು ಸಾಪೇಕ್ಷವಾದುದು. ನೀರಿಗೆ ಸಮುದ್ರಮಟ್ಟದ ಲೆಕ್ಕ ಬೇಡ. ಪಕ್ಕದ ನೆಲ ತಗ್ಗೋ ಉಬ್ಬೋ ಎಂಬುದಷ್ಟೇ ಮುಖ್ಯ. ನಗರದ ನಡುವಣ ದಿಣ್ಣೆಯಿಂದ ಇಳಿದ ಮಳೆಯ ನೀರು ಪಶ್ಚಿಮಕ್ಕೆ ವೃಷಭಾವತಿಯ ಮೂಲಕ ಕಾವೇರಿಯ ಕಡೆಗೂ, ಪೂರ್ವಕ್ಕೆ ಹೆಬ್ಬಾಳ, ಕೋರಮಂಗಲದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೂ ಸಾಗುವುದು. ಈ ಕಣಿವೆಗಳಲ್ಲಿ ಹಿರಿಯರು ಸಾಲುಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುವುದು: ಹೆಬ್ಬಾಳದಿಂದ ನಾಗವಾರಕ್ಕೆ, ಯಲಹಂಕದ ಕಡೆಯಿಂದ ಜಕ್ಕೂರಿಗೆ. ಬೇಸಾಯಕ್ಕಾಗಿ ಕಟ್ಟಿದ ಈ ಕೆರೆಗಳಿಂದ ಇನ್ನೊಂದು ಉಪಕಾರವೂ ಆಗುತ್ತಿದ್ದಿತು. ಒಂದು ಗಂಟೆಯಲ್ಲಿ ಬಂದ ನೀರನ್ನು ಅವು ಹಿಡಿದಿಟ್ಟು, ಹಲವು ಗಂಟೆಗಳಲ್ಲಿ ಬಿಡುತ್ತಿದ್ದುವು.

ನೆರೆಯ ಮರ್ಮವಿರುವುದು ಈ ಕಾಲದ ಅಂತರದಲ್ಲಿಯೇ. ಎಷ್ಟು ನೀರು ಬಂದಿತೆಂಬುದಕ್ಕಿಂತ ಎಷ್ಟು ಬೇಗ ಬಂದಿತೆಂಬುದೇ ಮುಖ್ಯ. ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ಒಂದು ಚದರ ಕಿಲೋಮೀಟರು ನೆಲದ ಮೇಲೆ ಒಂದು ಗಂಟೆಯಲ್ಲಿ 30 ಮಿಲಿಮೀಟರು ಮಳೆ ಬಿದ್ದಿತೆನ್ನೋಣ. ಆ ನೀರು 30,000 ಘನಮೀಟರು, ಅಂದರೆ ಮೂರು ಕೋಟಿ ಲೀಟರು. ಮೆದುಮಣ್ಣಿನಲ್ಲಿ ಅರ್ಧ ಇಂಗಿದರೆ ಕಾಲುವೆಗೆ ಬರುವುದು 15,000 ಮಾತ್ರ. ನೆಲವೆಲ್ಲ ಸಿಮೆಂಟು, ಟಾರುಗಳಿಂದ ಮುಚ್ಚಿದ್ದರೆ ಬಹುತೇಕ ಪೂರ್ತಿ ನೀರು ಕಾಲುವೆಯ ಪಾಲು.

ಆ ಕಾಲುವೆ ಎರಡು ಮೀಟರು ಅಗಲ, ಎರಡು ಮೀಟರು ಆಳವಾಗಿದ್ದು, ನೀರು ಸೆಕೆಂಡಿಗೆ ಎರಡು ಮೀಟರು ವೇಗದಲ್ಲಿ ಹರಿದರೆ, ಗಂಟೆಗೆ 28,800 ಘನಮೀಟರು ಸಾಗುವುದು, ಹೇಗೋ ನಿಭಾಯಿಸಬಹುದು. ತಳದಲ್ಲಿ ಅರ್ಧ ಮೀಟರು ಹೂಳು, ಕಸ ತುಂಬಿದರೋ, ವೇಗ ತಗ್ಗದಿದ್ದರೂ ಸಾಗುವುದು 21,600 ಮಾತ್ರ. ಉಳಿದ 8,400 ಘನಮೀಟರು ತಗ್ಗಿನ ಬೀದಿಯ ಮನೆಗಳಿಗೆ ನುಗ್ಗುವುದು. ದಿಣ್ಣೆಯವರ ಅಂಗಳದಲ್ಲಿ ಬಿದ್ದ ನೀರಿಗೆ ತಗ್ಗಿನವರು ತೆರುವ ಕಂದಾಯವಿದು!

ಕೆರೆಯೇ ಇಲ್ಲವಾದರೆ ನೀರನ್ನು ತಡೆದು ನಿಲ್ಲಿಸುವವರಿಲ್ಲ. ಧರ್ಮಾಂಬುಧಿ ಕೆರೆಯ ನೆಲ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯ ನೆಲ ಕಂಠೀರವ ಕ್ರೀಡಾಂಗಣ. ಇರುವ ಕೆರೆಯೂ ಮೊದಲೇ ತುಂಬಿದ್ದರೆ ಹೊಸ ನೀರಿಗೆ ಎಡೆಯಿಲ್ಲ. ಯಲಹಂಕದ ಎರಡು ನೆರೆಗಳೂ ಮಳೆಗಾಲದ ಕೊನೆಯಲ್ಲಿ, ಕೆರೆ ತುಂಬಿ ಹರಿದಾಗಲೇ ಬಂದುವೆಂಬುದನ್ನು ಗಮನಿಸಬೇಕು.

ಪರಿಹಾರವೂ ಅದೇ ಲೆಕ್ಕದಲ್ಲಿದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಮೇಲೆ 30 ಮಿಲಿಮೀಟರು ಮಳೆ ಬಿದ್ದರೆ ದೊರೆಯುವ ನೀರು ಸುಮಾರು 3,300 ಲೀಟರು. ಅಂಥ 2,500 ಮನೆಗಳು ತಮ್ಮ ಪಾಲಿನ ನೀರನ್ನು ತೊಟ್ಟಿಯಲ್ಲೋ ಇಂಗುಗುಂಡಿಯಲ್ಲೋ ಹಿಡಿದರೆ, ಮೇಲೆ ಹೇಳಿದ 8,400 ಘನಮೀಟರು ಬಹುಮಟ್ಟಿಗೆ ಬೀದಿಗೆ ಇಳಿಯುವುದೇ ಇಲ್ಲ. ಆದರೆ ತೊಟ್ಟಿ ಮಳೆಗೆ ಮುಂಚೆ ಬರಿದಾಗಿರಬೇಕು. ಕಾಲುವೆಯ ಹೂಳನ್ನು ಮುಂಗಾರಿಗೆ ಮೊದಲೂ ಹಿಂಗಾರಿಗೆ ಮೊದಲೂ ತೆಗೆದಿರಬೇಕು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದು ಕೆಳಗಿನ ಬೀದಿಯನ್ನು ತಲಪುವ ಹೊತ್ತನ್ನು ಮುಂದಕ್ಕೆ ಹಾಕುವುದು ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.